ಡೆಕೊರೇಟರ್ ಆರ್ಗ್ಯುಮೆಂಟ್ ಬದಲಿಸಿದರೂ ಟೈಪ್ ಚೆಕರ್ ಕೈಬಿಡದಂತೆ ಬರೆಯುವುದು ಹೇಗೆ

ಪೈಥಾನ್‌ನಲ್ಲಿ ಅಚ್ಚುಕಟ್ಟಾಗಿ ಟೈಪ್ ಹಾಕಿ ಒಂದು ಫಂಕ್ಷನ್ ಬರೆದಿರುತ್ತೀರಿ. ಅದರ ತಲೆ ಮೇಲೆ ಒಂದು ಡೆಕೊರೇಟರ್ ಕೂರಿಸುತ್ತೀರಿ. ಅಲ್ಲಿಂದ ಮುಂದೆ ನಂಬರ್ ಬೇಕಾದ ಕಡೆ ಸ್ಟ್ರಿಂಗ್ ಕೊಟ್ಟರೂ, ಎರಡು ಆರ್ಗ್ಯುಮೆಂಟ್ ಬೇಕಾದ ಕಡೆ ಐದು ಕೊಟ್ಟರೂ ಕೋಡ್ ಓಡಿಸುವ ಮೊದಲೇ ಟೈಪ್ ತಪ್ಪು ಹುಡುಕಬೇಕಾದ ಟೈಪ್ ಚೆಕರ್ ಮೈಪೈ ತುಟಿ ಬಿಚ್ಚುವುದಿಲ್ಲ. ಎಡಿಟರ್‌ನಲ್ಲಿ ಫಂಕ್ಷನ್ ಹೆಸರಿನ ಮೇಲೆ ಮೌಸ್ ಇಟ್ಟರೆ ಆರ್ಗ್ಯುಮೆಂಟ್ ಇರಬೇಕಾದ ಜಾಗದಲ್ಲಿ ಬರೀ ಮೂರು ಚುಕ್ಕಿ. ಟೈಪ್ ಹಾಕಿದ ಕೆಲಸವೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗೆ.

ಇದು ಚೆಕರ್‌ನ ತಪ್ಪಲ್ಲ. ಡೆಕೊರೇಟರ್‌ಗೆ ನಾವು ಹಾಕಿದ ಟೈಪ್ ಸುಳ್ಳು ಹೇಳುತ್ತಿರುತ್ತದೆ, ಅಥವಾ ಏನನ್ನೂ ಹೇಳುತ್ತಿರುವುದಿಲ್ಲ. ಅದನ್ನು ಸರಿಯಾಗಿ ಬರೆಯುವುದು ಹೇಗೆ ಅನ್ನೋದೇ ಈ ಬರಹ. ಅದರಲ್ಲೂ ಆರ್ಗ್ಯುಮೆಂಟ್‌ಗಳನ್ನೇ ಬದಲಿಸುವ ಡೆಕೊರೇಟರ್‌ಗಳ ಬಗ್ಗೆ. ಒಂದನ್ನು ತಾನೇ ತುಂಬುವವು, ಒಂದನ್ನು ಸೇರಿಸುವವು, ಒಂದರ ಟೈಪ್ ಮಾರ್ಪಡಿಸುವವು. ಕಷ್ಟ ಇರುವುದೇ ಅಲ್ಲಿ.

ಓದೋಕೆ ಸಲೀಸಾಗಲಿ ಅಂತ ಕೋಡನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಫಂಕ್ಷನ್ ಹೆಸರು, ವೇರಿಯಬಲ್ ಹೆಸರನ್ನು ಪೈಥಾನ್ ಕನ್ನಡದಲ್ಲೂ ಒಪ್ಪುತ್ತದೆ. ಆದರೆ ಡೆಫ್, ರಿಟರ್ನ್, ಟೈಪಿಂಗ್ ಮಾಡ್ಯೂಲ್‌ನ ಹೆಸರುಗಳು ಇವನ್ನೆಲ್ಲ ನಿಮ್ಮ ಎಡಿಟರ್‌ನಲ್ಲಿ ಇಂಗ್ಲಿಷ್‌ನಲ್ಲೇ ಹೊಡೆಯಬೇಕು.

ಮೊದಲು ಎರಡು ಸಿಗ್ನೇಚರ್ ಬರೆದುಕೊಳ್ಳಿ

ಡೆಕೊರೇಟರ್ ಅಂದರೆ ಒಂದು ಫಂಕ್ಷನ್ ತಗೊಂಡು ಇನ್ನೊಂದು ಫಂಕ್ಷನ್ ಕೊಡುವ ಫಂಕ್ಷನ್, ಅಷ್ಟೇ. ಹಾಗಾಗಿ ಅದರ ಟೈಪ್‌ನಲ್ಲಿ ಯಾವಾಗಲೂ ಎರಡು ಸಿಗ್ನೇಚರ್ (ಏನು ತಗೊಳ್ಳುತ್ತದೆ, ಏನು ಕೊಡುತ್ತದೆ ಅನ್ನೋ ವಿವರ) ಇರುತ್ತವೆ. ಒಳಗಿನ ಫಂಕ್ಷನ್ ಬರೆದವರು ಏನು ಪಡೆಯುತ್ತಾರೆ ಅನ್ನೋದು ಒಂದು. ಹೊರಗಿನಿಂದ ಕರೆಯುವವರು ಏನು ಕೊಡಬೇಕು ಅನ್ನೋದು ಇನ್ನೊಂದು. ಡೆಕೊರೇಟರ್‌ನ ಬಾಡಿ, ಅಂದರೆ ಒಳಗಿನ ಕೋಡ್, ಬರೆಯುವ ಮೊದಲು ಇವೆರಡನ್ನೂ ಕಾಮೆಂಟ್ ಆಗಿಯಾದರೂ ಬರೆದುಕೊಳ್ಳಿ. ಬಾಡಿ ಬರೆದು ಆಮೇಲೆ ಟೈಪ್ ಹಾಕೋಣ ಅಂತ ಹೊರಟವರಲ್ಲಿ ಜಾಸ್ತಿ ಜನ ಕೊನೆಗೆ ಎನಿ (ಯಾವ ಟೈಪಾದರೂ ಸರಿ) ಅಂತ ಹಾಕಿ ಕೈತೊಳೆದುಕೊಳ್ಳುತ್ತಾರೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ, ಕೊನೆವರೆಗೂ ಇದೇ ಬರುತ್ತದೆ. ಡೇಟಾಬೇಸ್‌ಗೆ ಬರೆಯುವ ಒಂದು ಫಂಕ್ಷನ್:

ಡೆಫ್ ಉಳಿಸು(ಕಾನ್: ಕನೆಕ್ಷನ್, ಹೆಸರು: ಸ್ಟ್ರಿಂಗ್, ವಯಸ್ಸು: ಇಂಟ್ = 0) -> ಬೂಲ್

ಕನೆಕ್ಷನ್ ತೆರೆದು ಮುಚ್ಚುವ ಕೆಲಸವನ್ನು ಡೆಕೊರೇಟರ್ ನೋಡಿಕೊಳ್ಳಬೇಕು. ಕರೆಯುವವರಿಗೆ ಅದರ ಗೊಡವೆಯೇ ಬೇಡ. ಅಂದರೆ ಹೊರಗಿನಿಂದ ಕಾಣಬೇಕಾದದ್ದು ಇಷ್ಟೇ:

ಉಳಿಸು(ಹೆಸರು: ಸ್ಟ್ರಿಂಗ್, ವಯಸ್ಸು: ಇಂಟ್ = 0) -> ಬೂಲ್

ಮೊದಲ ಆರ್ಗ್ಯುಮೆಂಟ್ ಮಾಯ. ಉಳಿದದ್ದೆಲ್ಲ, ಹೆಸರುಗಳು ಮತ್ತು ಡೀಫಾಲ್ಟ್ ಸಮೇತ, ಹಾಗೇ ಇರಬೇಕು. ಈ "ಹಾಗೇ ಇರಬೇಕು" ಅನ್ನೋ ಭಾಗವನ್ನು ಟೈಪ್‌ನಲ್ಲಿ ಹೇಳೋಕೆ ಪೈಥಾನ್‌ನಲ್ಲಿ ತುಂಬಾ ವರ್ಷ ದಾರಿಯೇ ಇರಲಿಲ್ಲ.

ಹಳೇ ದಾರಿ ಯಾಕೆ ಸಾಲದು

ಡೆಕೊರೇಟರ್ ಬರೆಯುವ ಅಟ್ ಚಿಹ್ನೆ ಪೈಥಾನ್‌ಗೆ ಬಂದಿದ್ದು 2004ರಲ್ಲಿ, 2.4ರ ಜೊತೆ. ಪೆಪ್ (ಪೈಥಾನ್‌ಗೆ ಬದಲಾವಣೆ ಸೂಚಿಸುವ ದಾಖಲೆ) 484ರ ಟೈಪ್ ಹಿಂಟ್‌ಗಳು ಬಂದಿದ್ದು 2015ರಲ್ಲಿ, 3.5ರ ಜೊತೆ. ಆಗ ನಮ್ಮ ಕೈಲಿ ಇದ್ದದ್ದು ಎರಡು ಉಪಾಯ.

ಮೊದಲನೆಯದು ಕಾಲಬಲ್[..., ಎನಿ]. ಕಾಲಬಲ್ ಅಂದರೆ ಕರೆಯಬಹುದಾದದ್ದರ ಟೈಪ್: ಮೊದಲು ಆರ್ಗ್ಯುಮೆಂಟ್‌ಗಳು, ಆಮೇಲೆ ರಿಟರ್ನ್ ಟೈಪ್. ಏನಾದರೂ ತಗೋ, ಏನಾದರೂ ಕೊಡು. ಮೇಲೆ ಹೇಳಿದ ಮೂರು ಚುಕ್ಕಿ ಬರುವುದು ಇಲ್ಲಿಂದಲೇ. ಇಂಥ ಒಂದು ಡೆಕೊರೇಟರ್ ಇನ್ನೂರು ಫಂಕ್ಷನ್ ಮೇಲೆ ಕೂತಿದ್ದರೆ ಆ ಇನ್ನೂರರ ಒಂದು ಕರೆಯನ್ನೂ ಚೆಕರ್ ನೋಡುವುದಿಲ್ಲ.

ಎರಡನೆಯದು ಎಫ್ ಅನ್ನೋ ಟೈಪ್‌ವಾರ್‌ಗೆ (ಯಾವುದೋ ಒಂದು ಟೈಪ್‌ನ ಬದಲಿಗೆ ನಿಲ್ಲುವ ಹೆಸರಿಗೆ) ಕಾಲಬಲ್ ಅನ್ನು ಬೌಂಡ್, ಅಂದರೆ ಮಿತಿ, ಆಗಿ ಕೊಡುವುದು. ಎಫ್ ತಗೊಂಡು ಎಫ್ ಅನ್ನೇ ವಾಪಸ್ ಕೊಡುತ್ತೇನೆ ಅಂತ ಹೇಳಿ, ಒಳಗೆ ಕಾಸ್ಟ್ ಮಾಡಿ (ಇದರ ಟೈಪ್ ಇದೇ ಅಂತ ಬಲವಂತವಾಗಿ ಹೇಳಿ) ಚೆಕರ್ ಬಾಯಿ ಮುಚ್ಚಿಸುವುದು. ಸಿಗ್ನೇಚರ್ ಬದಲಿಸದ ಡೆಕೊರೇಟರ್‌ಗೆ ಇದು ಈಗಲೂ ನಡೆಯುತ್ತದೆ. ನಮ್ಮದಕ್ಕೆ ಆಗುವುದಿಲ್ಲ. ಬಂದದ್ದು ಒಂದು, ಹೋಗುವುದು ಇನ್ನೊಂದು, ಎರಡನ್ನೂ ಎಫ್ ಅಂತ ಕರೆದರೆ ಅದು ಶುದ್ಧ ಸುಳ್ಳು. ಕಾನ್ ಕೊಡದೆ ಕರೆದವರಿಗೆ ಚೆಕರ್ ಎರರ್ ತೋರಿಸುತ್ತದೆ, ಕೊಟ್ಟು ಕರೆದವರಿಗೆ ಓಡುವಾಗ ಏಟು ಬೀಳುತ್ತದೆ.

ದಾರಿ ತೆರೆದದ್ದು ಪೆಪ್ 612. 2021ರ ಅಕ್ಟೋಬರ್‌ನಲ್ಲಿ ಬಂದ ಪೈಥಾನ್ 3.10ರಲ್ಲಿ ಪ್ಯಾರಮ್‌ಸ್ಪೆಕ್ ಮತ್ತು ಕಾನ್‌ಕ್ಯಾಟಿನೇಟ್ ಎರಡೂ ಟೈಪಿಂಗ್ ಮಾಡ್ಯೂಲ್‌ಗೆ ಸೇರಿದವು. ಅದಕ್ಕಿಂತ ಹಳೇ ವರ್ಷನ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದರೆ ಟೈಪಿಂಗ್ ಎಕ್ಸ್‌ಟೆನ್ಶನ್ಸ್ ಪ್ಯಾಕೇಜ್‌ನಿಂದ ತಗೊಳ್ಳಬಹುದು.

ಪ್ಯಾರಮ್‌ಸ್ಪೆಕ್ ಅಂದರೆ ಏನು

ಟೈಪ್‌ವಾರ್ ಒಂದು ಟೈಪ್ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಪ್ಯಾರಮ್‌ಸ್ಪೆಕ್ ಒಂದು ಫಂಕ್ಷನ್‌ನ ಇಡೀ ಆರ್ಗ್ಯುಮೆಂಟ್ ಪಟ್ಟಿಯನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಪಟ್ಟಿ ಅಂದರೆ ಬರೀ ಟೈಪ್‌ಗಳಲ್ಲ. ಯಾವುದಕ್ಕೆ ಏನು ಹೆಸರು, ಯಾವುದಕ್ಕೆ ಡೀಫಾಲ್ಟ್ ಇದೆ, ಯಾವುದನ್ನು ಹೆಸರು ಹೇಳಿಯೇ ಕೊಡಬೇಕು, ಎಲ್ಲ ಸೇರಿ. ಆರ್ಗ್ಯುಮೆಂಟ್ ಮುಟ್ಟದ ಒಂದು ಲಾಗಿಂಗ್ ಡೆಕೊರೇಟರ್ ಹೀಗಿರುತ್ತದೆ:

ಡೆಫ್ ಲಾಗ್(ಎಫ್: ಕಾಲಬಲ್[ಪಿ, ಆರ್]) -> ಕಾಲಬಲ್[ಪಿ, ಆರ್]

ಅದರೊಳಗೆ ಮೂಲ ಫಂಕ್ಷನ್ ಅನ್ನು ಸುತ್ತುವ ರ‍್ಯಾಪರ್:

ಡೆಫ್ ರ‍್ಯಾಪರ್(*ಆರ್ಗ್ಸ್: ಪಿ.ಆರ್ಗ್ಸ್, **ಕ್ವಾರ್ಗ್ಸ್: ಪಿ.ಕ್ವಾರ್ಗ್ಸ್) -> ಆರ್

ಇಲ್ಲಿ ಪಿ ಪ್ಯಾರಮ್‌ಸ್ಪೆಕ್, ಆರ್ ಸಾದಾ ಟೈಪ್‌ವಾರ್. ಪಿ.ಆರ್ಗ್ಸ್ ಮತ್ತು ಪಿ.ಕ್ವಾರ್ಗ್ಸ್ ಯಾವಾಗಲೂ ಜೋಡಿಯಾಗಿಯೇ ಬರಬೇಕು. ಒಂದನ್ನು ಬಿಟ್ಟು ಒಂದನ್ನು ಬರೆದರೆ ಚೆಕರ್ ಒಪ್ಪುವುದಿಲ್ಲ, ಅದು ನ್ಯಾಯವೂ ಹೌದು. ಕರೆಯುವವರು ವಯಸ್ಸನ್ನು ಸ್ಥಾನದಲ್ಲಿ ಕೊಡುತ್ತಾರೋ ಹೆಸರು ಹೇಳಿ ಕೊಡುತ್ತಾರೋ ರ‍್ಯಾಪರ್‌ಗೆ ಮೊದಲೇ ಗೊತ್ತಿರುವುದಿಲ್ಲ, ಅಲ್ವಾ?

2023ರಲ್ಲಿ ಬಂದ 3.12ರಿಂದ ಪಿ, ಆರ್ ಇವನ್ನು ಮೇಲೆ ಬೇರೆಯಾಗಿ ಘೋಷಿಸುವುದೂ ಬೇಕಿಲ್ಲ. ಪೆಪ್ 695ರ ಪ್ರಕಾರ ಫಂಕ್ಷನ್ ಹೆಸರಿನ ಪಕ್ಕದಲ್ಲೇ ಚೌಕ ಬ್ರಾಕೆಟ್‌ನಲ್ಲಿ ಹಾಕಬಹುದು: ಡೆಫ್ ಲಾಗ್[**ಪಿ, ಆರ್](...). ಎರಡು ನಕ್ಷತ್ರ ಇದ್ದರೆ ಅದು ಪ್ಯಾರಮ್‌ಸ್ಪೆಕ್. ಹೊಸ ಪ್ರಾಜೆಕ್ಟ್ ಆದರೆ ಇದನ್ನೇ ಬಳಸಿ, ಓದೋಕೆ ತುಂಬಾ ಹಗುರ.

ಒಂದು ಆರ್ಗ್ಯುಮೆಂಟ್ ಕಡಿಮೆ ಮಾಡುವುದು

ಈಗ ನಮ್ಮ ಕನೆಕ್ಷನ್ ಡೆಕೊರೇಟರ್‌ಗೆ ಬರೋಣ. ಕಾನ್‌ಕ್ಯಾಟಿನೇಟ್ ಮಾಡುವ ಕೆಲಸ ಒಂದೇ: ಪಿ ಅನ್ನೋ ಪಟ್ಟಿಯ ಮುಂದೆ ಒಂದೋ ಎರಡೋ ಟೈಪ್ ಅಂಟಿಸುವುದು. ಅದನ್ನು ಒಳಬರುವ ಫಂಕ್ಷನ್ ಕಡೆ ಹಾಕಿದರೆ ಹೊರಗಿನ ಸಿಗ್ನೇಚರ್‌ನಿಂದ ಆ ಆರ್ಗ್ಯುಮೆಂಟ್ ಕಳಚಿ ಹೋಗುತ್ತದೆ.

ಡೆಫ್ ಕನೆಕ್ಷನ್_ಜೊತೆ(ಎಫ್: ಕಾಲಬಲ್[ಕಾನ್‌ಕ್ಯಾಟಿನೇಟ್[ಕನೆಕ್ಷನ್, ಪಿ], ಆರ್]) -> ಕಾಲಬಲ್[ಪಿ, ಆರ್]

ಇದನ್ನು ನಿಧಾನವಾಗಿ ಓದಿ. ಎಫ್‌ನ ಮೊದಲ ಆರ್ಗ್ಯುಮೆಂಟ್ ಕನೆಕ್ಷನ್ ಆಗಿರಬೇಕು, ಆಮೇಲೆ ಬರುವುದೆಲ್ಲ ಪಿ. ವಾಪಸ್ ಹೋಗುವ ಫಂಕ್ಷನ್‌ಗೆ ಪಿ ಮಾತ್ರ. ನಾವು ಕಾಮೆಂಟ್‌ನಲ್ಲಿ ಬರೆದುಕೊಂಡ ಎರಡು ಸಿಗ್ನೇಚರ್‌ಗಳೇ ಇಲ್ಲಿ ಒಂದೇ ಸಾಲಿಗೆ ಬಂದು ಕೂತಿವೆ. ರ‍್ಯಾಪರ್‌ನ ತಲೆಸಾಲು ಲಾಗ್‌ನದೇ. ಬಾಡಿಯಲ್ಲಿ ಮಾತ್ರ ಇಷ್ಟು ಬದಲಾವಣೆ:

ವಿತ್ ತೆರೆ() ಆ್ಯಸ್ ಕಾನ್:
    ರಿಟರ್ನ್ ಎಫ್(ಕಾನ್, *ಆರ್ಗ್ಸ್, **ಕ್ವಾರ್ಗ್ಸ್)

ಈಗ ಉಳಿಸು("ಗೀತಾ", ವಯಸ್ಸು=30) ಅಂದರೆ ಸರಿ. ಉಳಿಸು(30) ಅಂದರೆ ಎರರ್. ಉಳಿಸು("ಗೀತಾ", ವಯಸು=30) ಅಂತ ಹೆಸರಿನಲ್ಲಿ ಅಕ್ಷರ ತಪ್ಪಿದರೂ ಎರರ್. ಇನ್ನೂ ಒಂದು ಲಾಭ ಇದೆ. ಮೊದಲ ಆರ್ಗ್ಯುಮೆಂಟ್ ಕನೆಕ್ಷನ್ ಅಲ್ಲದ ಫಂಕ್ಷನ್ ಮೇಲೆ ಯಾರಾದರೂ ಈ ಡೆಕೊರೇಟರ್ ಹಾಕಿದರೆ ಆ ಸಾಲಿನಲ್ಲೇ, ಡೆಕೊರೇಟರ್ ಹಾಕಿದ ಜಾಗದಲ್ಲೇ, ಚೆಕರ್ ಹಿಡಿದು ನಿಲ್ಲಿಸುತ್ತದೆ. ನನಗೆ ಈ ಎರಡನೇ ಲಾಭವೇ ದೊಡ್ಡದು ಅನಿಸುತ್ತದೆ. ಕರೆಯುವ ತಪ್ಪುಗಳು ಹೇಗೋ ಟೆಸ್ಟ್‌ನಲ್ಲಿ ಸಿಗುತ್ತವೆ, ಇಂಥ ತಪ್ಪು ಮಾತ್ರ ಯಾವುದೋ ಅಪರೂಪದ ಕೋಡ್ ದಾರಿಯಲ್ಲಿ ಅಡಗಿ ಕೂತಿರುತ್ತದೆ.

ಕಮಾಂಡ್ ಲೈನ್ ಪ್ರೋಗ್ರಾಂ ಬರೆಯೋಕೆ ಕ್ಲಿಕ್ ಲೈಬ್ರರಿ ಬಳಸಿದವರಿಗೆ ಇದು ಹೊಸದೇನಲ್ಲ. ಅದರ ಪಾಸ್ ಕಾಂಟೆಕ್ಸ್ಟ್ ಡೆಕೊರೇಟರ್‌ನ ಟೈಪ್ ಇದೇ ಅಚ್ಚಿನದು. ಮೊದಲ ಆರ್ಗ್ಯುಮೆಂಟ್ ಆಗಿ ಕಾಂಟೆಕ್ಸ್ಟ್ ತಗೊಳ್ಳುವ ಫಂಕ್ಷನ್ ಒಳಗೆ ಹೋಗುತ್ತದೆ, ಅದಿಲ್ಲದ್ದು ಹೊರಗೆ ಬರುತ್ತದೆ.

ರ‍್ಯಾಪರ್ ಒಳಗೆ ಎರಡು ಕಡೆ ಜನ ಎಡವುತ್ತಾರೆ. ಒಂದು, ಎಫ್(*ಆರ್ಗ್ಸ್, ಕಾನ್, **ಕ್ವಾರ್ಗ್ಸ್) ಅಂತ ಕಾನ್ ಅನ್ನು ಹಿಂದೆ ಹಾಕುವುದು. ಮೊದಲ ಜಾಗದಲ್ಲಿ ಕನೆಕ್ಷನ್ ಬೇಕು ಅಂತ ನಾವೇ ಹೇಳಿದ್ದೇವೆ, ಹಾಗಾಗಿ ಇದು ತಪ್ಪು. ಎರಡು, ಎಫ್(ಕಾನ್=ಕಾನ್, *ಆರ್ಗ್ಸ್, **ಕ್ವಾರ್ಗ್ಸ್) ಅಂತ ಹೆಸರು ಹೇಳಿ ಕೊಡುವುದು. ಇದೂ ನಡೆಯುವುದಿಲ್ಲ, ಯಾಕೆಂದರೆ ಎಫ್‌ನಲ್ಲಿ ಆ ಆರ್ಗ್ಯುಮೆಂಟ್‌ಗೆ ಕಾನ್ ಅಂತಲೇ ಹೆಸರಿದೆ ಅಂತ ಯಾರೂ ಮಾತು ಕೊಟ್ಟಿಲ್ಲ. ಕಾನ್‌ಕ್ಯಾಟಿನೇಟ್‌ನಲ್ಲಿ ಹಾಕಿದ ಟೈಪ್‌ಗಳಿಗೆ ಹೆಸರೇ ಇರುವುದಿಲ್ಲ, ಸ್ಥಾನ ಮಾತ್ರ. ಈ ಒಂದು ಮಾತು ನೆನಪಿಟ್ಟುಕೊಂಡರೆ ಮುಂದೆ ಬರುವ ಅರ್ಧ ತೊಡಕು ತಾನಾಗಿ ಅರ್ಥವಾಗುತ್ತದೆ.

ಟೈಪ್ ಬದಲಿಸುವುದು

ಸೇರಿಸುವುದು ಬೇಕಾದರೆ ಕಾನ್‌ಕ್ಯಾಟಿನೇಟ್ ಅನ್ನು ವಾಪಸ್ ಕೊಡುವ ಕಡೆ ಹಾಕಿ. ಬದಲಿಸುವುದು ಬೇಕಾದರೆ ಎರಡೂ ಕಡೆ. ಪಾತ್ (ಫೈಲ್ ಇರುವ ಜಾಗ ಹೇಳುವ ಟೈಪ್) ತಗೊಳ್ಳುವ ಫಂಕ್ಷನ್‌ಗೆ ಸ್ಟ್ರಿಂಗ್ ಕೊಟ್ಟರೂ ನಡೆಯುವಂತೆ ಮಾಡುವ ಡೆಕೊರೇಟರ್ ನೋಡಿ:

ಡೆಫ್ ಪಾತ್_ಮಾಡು(ಎಫ್: ಕಾಲಬಲ್[ಕಾನ್‌ಕ್ಯಾಟಿನೇಟ್[ಪಾತ್, ಪಿ], ಆರ್]) -> ಕಾಲಬಲ್[ಕಾನ್‌ಕ್ಯಾಟಿನೇಟ್[ಸ್ಟ್ರಿಂಗ್ | ಪಾತ್, ಪಿ], ಆರ್]:
    ಡೆಫ್ ರ‍್ಯಾಪರ್(ಜಾಗ: ಸ್ಟ್ರಿಂಗ್ | ಪಾತ್, /, *ಆರ್ಗ್ಸ್: ಪಿ.ಆರ್ಗ್ಸ್, **ಕ್ವಾರ್ಗ್ಸ್: ಪಿ.ಕ್ವಾರ್ಗ್ಸ್) -> ಆರ್:
        ರಿಟರ್ನ್ ಎಫ್(ಪಾತ್(ಜಾಗ), *ಆರ್ಗ್ಸ್, **ಕ್ವಾರ್ಗ್ಸ್)
    ರಿಟರ್ನ್ ರ‍್ಯಾಪರ್

ಜಾಗ ಆದಮೇಲೆ ಇರುವ ಆ ಓರೆ ಗೆರೆ ಗಮನಿಸಿ. ಇದನ್ನು ಹೆಸರು ಹೇಳಿ ಕೊಡುವ ಹಾಗಿಲ್ಲ ಅಂತ ಅರ್ಥ. ಅದಿಲ್ಲದಿದ್ದರೂ ಕೋಡ್ ಓಡುತ್ತದೆ. ಆದರೆ ಒಳಗಿನ ಫಂಕ್ಷನ್‌ಗೂ ಜಾಗ ಅನ್ನೋ ಹೆಸರಿನ ಇನ್ನೊಂದು ಆರ್ಗ್ಯುಮೆಂಟ್ ಇದ್ದು ಅದನ್ನು ಹೆಸರು ಹೇಳಿ ಕೊಟ್ಟರೆ ಎರಡೂ ಡಿಕ್ಕಿ ಹೊಡೆಯುತ್ತವೆ. ಓರೆ ಗೆರೆ ಹಾಕಿದರೆ ಆ ಭಯವೇ ಇಲ್ಲ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಡೆಕೊರೇಟರ್ ಹಾಕುವ ಮೊದಲು ಸಾಲು_ಎಣಿಸು(ಫೈಲ್=ದಾರಿ) ಅಂತ ಹೆಸರು ಹೇಳಿ ಕರೆಯುತ್ತಿದ್ದವರಿಗೆ ಈಗ ಎರರ್ ಬರುತ್ತದೆ. ಚೆಕರ್ ಹಟ ಮಾಡುತ್ತಿದೆ ಅಂದುಕೊಳ್ಳಬೇಡಿ. ಓಡಿಸಿ ನೋಡಿದರೆ ಅಲ್ಲೂ ಟೈಪ್‌ಎರರ್ ಬರುತ್ತದೆ. ಫೈಲ್ ಅನ್ನೋದು ಕ್ವಾರ್ಗ್ಸ್ ಒಳಗೆ ಹೋಗಿಬಿಡುತ್ತದೆ, ಜಾಗ ಖಾಲಿ ಉಳಿಯುತ್ತದೆ. ಇಲ್ಲಿ ಟೈಪ್ ಹೇಳುವುದೂ ನಡೆಯುವುದೂ ಒಂದೇ.

ಅಂದಹಾಗೆ ಈ ಡೆಕೊರೇಟರ್ ಆರ್ಗ್ಯುಮೆಂಟ್ ಟೈಪ್ ಅನ್ನು ಹಿಗ್ಗಿಸುತ್ತದೆ. ಪಾತ್ ಮಾತ್ರ ತಗೊಳ್ಳುತ್ತಿದ್ದದ್ದು ಈಗ ಎರಡನ್ನೂ ತಗೊಳ್ಳುತ್ತದೆ. ಹಾಗಾಗಿ ಪಾತ್ ತಗೊಳ್ಳುವ ಫಂಕ್ಷನ್ ಬೇಕು ಅಂದ ಕಡೆಯೆಲ್ಲ ಇದನ್ನು ಧೈರ್ಯವಾಗಿ ಕೊಡಬಹುದು. ಕುಗ್ಗಿಸಿದರೆ, ಅಂದರೆ ಮೊದಲು ಎರಡನ್ನೂ ತಗೊಳ್ಳುತ್ತಿದ್ದದ್ದು ಈಗ ಸ್ಟ್ರಿಂಗ್ ಮಾತ್ರ ತಗೊಳ್ಳುವಂತಾದರೆ, ಹಾಗೆ ಕೊಡಲು ಆಗುವುದಿಲ್ಲ. ಆರ್ಗ್ಯುಮೆಂಟ್ ವಿಷಯದಲ್ಲಿ ದಿಕ್ಕು ಉಲ್ಟಾ, ಜಾಸ್ತಿ ಒಪ್ಪುವುದೇ ಸುರಕ್ಷಿತ.

ಎಲ್ಲಿ ಕೈಕೊಡುತ್ತದೆ

ಕಾನ್‌ಕ್ಯಾಟಿನೇಟ್ ಮುಂದೆ ಮಾತ್ರ ಅಂಟಿಸುತ್ತದೆ. ಹಿಂದೆ ಇಲ್ಲ, ನಡುವೆ ಇಲ್ಲ. ಹೆಸರು ಹೇಳಿ ಕೊಡುವ ಆರ್ಗ್ಯುಮೆಂಟ್ ಸೇರಿಸುವುದೂ ಆಗುವುದಿಲ್ಲ, ತೆಗೆಯುವುದೂ ಆಗುವುದಿಲ್ಲ. ಪ್ರತಿ ಫಂಕ್ಷನ್‌ಗೂ ಟೈಮ್‌ಔಟ್ ಅನ್ನೋ ಹೊಸ ಕೀವರ್ಡ್ ಕೊಡುವ ಡೆಕೊರೇಟರ್ ಬರೆಯೋಣ ಅಂತ ಎಲ್ಲರಿಗೂ ಒಂದಲ್ಲ ಒಂದು ದಿನ ಅನಿಸುತ್ತದೆ. *ಆರ್ಗ್ಸ್ ಮತ್ತು **ಕ್ವಾರ್ಗ್ಸ್ ನಡುವೆ ಟೈಮ್‌ಔಟ್ ತುರುಕಿದರೆ ಪೈಥಾನ್ ಓಡಿಸುತ್ತದೆ, ಆದರೆ ಪೆಪ್ 612 ಅದನ್ನು ಬೇಕೆಂದೇ ನಿಷೇಧಿಸಿದೆ. ಒಳಗಿನ ಫಂಕ್ಷನ್‌ಗೆ ಆಗಲೇ ಟೈಮ್‌ಔಟ್ ಅನ್ನೋ ಆರ್ಗ್ಯುಮೆಂಟ್ ಇದ್ದರೆ ಯಾರದು ಯಾರಿಗೆ ಅಂತ ಹೇಳುವುದು ಹೇಗೆ? ಇಂಥ ಗಲಿಬಿಲಿ ತಪ್ಪಿಸೋಕೆ ಆ ನಿಯಮ.

ಸ್ಟ್ಯಾಂಡರ್ಡ್ ಲೈಬ್ರರಿಯಲ್ಲೇ ಇದಕ್ಕೆ ಒಳ್ಳೇ ಉದಾಹರಣೆ ಇದೆ. ಯೂನಿಟ್‌ಟೆಸ್ಟ್ ಮಾಕ್‌ನ ಪ್ಯಾಚ್ ಅನ್ನು ಡೆಕೊರೇಟರ್ ಆಗಿ ಬಳಸಿದಾಗ ಅದು ಮಾಕ್ ಆಬ್ಜೆಕ್ಟ್ ಅನ್ನು (ಟೆಸ್ಟ್‌ಗೆ ಬಳಸುವ ನಕಲಿ ಆಬ್ಜೆಕ್ಟ್) ಸ್ಥಾನದ ಆರ್ಗ್ಯುಮೆಂಟ್‌ಗಳ ಕೊನೆಗೆ ಸೇರಿಸಿ ಕರೆಯುತ್ತದೆ. ಕೊನೆಗೆ! ಈ ವರ್ತನೆಯನ್ನು ಕಾನ್‌ಕ್ಯಾಟಿನೇಟ್‌ನಲ್ಲಿ ಹೇಳುವ ದಾರಿಯೇ ಇಲ್ಲ. ಟೈಪ್ ಹಿಂಟ್ ಬರುವುದಕ್ಕಿಂತ ಮುಂಚೆ ಹುಟ್ಟಿದ ವಿನ್ಯಾಸ ಅದು, ತಪ್ಪು ಹೇಳುವ ಹಾಗಿಲ್ಲ. ಆದರೆ ಇವತ್ತು ಹೊಸದಾಗಿ ಡೆಕೊರೇಟರ್ ಬರೆಯುವವರು ಹಾಗೆ ಮಾಡಬಾರದು.

ಇಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಟೈಪ್‌ನಲ್ಲಿ ಹೇಳಲಾಗದ್ದನ್ನು ಮಾಡುವ ಡೆಕೊರೇಟರ್ ನಿಮ್ಮದೇ ಆಗಿದ್ದರೆ ಚೆಕರ್ ಜೊತೆ ಗುದ್ದಾಡಬೇಡಿ, ಡೆಕೊರೇಟರ್ ಅನ್ನೇ ಬದಲಿಸಿ. ನೀವು ತುಂಬುವ ಆರ್ಗ್ಯುಮೆಂಟ್ ಅನ್ನು ಮೊದಲ ಜಾಗಕ್ಕೆ ತನ್ನಿ. ಟೈಮ್‌ಔಟ್ ಅನ್ನು ಪ್ರತಿ ಕರೆಯಲ್ಲಿ ಕೊಡುವ ಬದಲು ಡೆಕೊರೇಟರ್‌ಗೇ ಕೊಡಿ. ಪ್ರತಿ ಕರೆಗೂ ಬೇರೆ ಬೇರೆ ಬೇಕೇ ಬೇಕು ಅಂದರೆ ಡೆಕೊರೇಟರ್ ಬಿಟ್ಟುಬಿಡಿ, ಟೈಮ್‌ಔಟ್‌ನಲ್ಲಿ_ಓಡಿಸು(5, ಎಫ್, ...) ಅನ್ನೋ ಸಾದಾ ಫಂಕ್ಷನ್ ಬರೆಯಿರಿ. ಅದರ ಟೈಪ್‌ಗೂ ಪಿ ಚೆನ್ನಾಗಿಯೇ ಹೊಂದುತ್ತದೆ: ಮೊದಲು ಸೆಕೆಂಡ್, ಆಮೇಲೆ ಕಾಲಬಲ್[ಪಿ, ಆರ್], ಆಮೇಲೆ ಪಿ.ಆರ್ಗ್ಸ್, ಪಿ.ಕ್ವಾರ್ಗ್ಸ್.

ಡೆಕೊರೇಟರ್ ಹಾಕುವ ಫಂಕ್ಷನ್‌ಗಳೆಲ್ಲ ಒಂದೇ ಆಕಾರದವು ಅಂತ ಗೊತ್ತಿದ್ದರೆ ಪ್ರೋಟೋಕಾಲ್ (ಏನೇನು ಇರಬೇಕು ಅಂತ ಹೇಳುವ ಕ್ಲಾಸ್) ಬಳಸಬಹುದು. ಪೈಥಾನ್ 3.8ರಿಂದ ಇದೆ. ಒಂದು ಪ್ರೋಟೋಕಾಲ್ ಕ್ಲಾಸ್ ಮಾಡಿ, ಅದರೊಳಗೆ ಡಂಡರ್ ಕಾಲ್ (ಹೆಸರಿನ ಎರಡೂ ಬದಿ ಎರಡೆರಡು ಅಂಡರ್‌ಸ್ಕೋರ್ ಇರುವ ಕಾಲ್) ಮೆಥಡ್ ಬರೆದು, ಕೀವರ್ಡ್ ಆರ್ಗ್ಯುಮೆಂಟ್ ಸಮೇತ ಪೂರ್ತಿ ಸಿಗ್ನೇಚರ್ ಕೊಡಿ. ಹೆಸರು, ಡೀಫಾಲ್ಟ್ ಎಲ್ಲ ಹೇಳಬಹುದು. ಯಾವ ಫಂಕ್ಷನ್‌ಗೆ ಬೇಕಾದರೂ ಅನ್ನೋ ಸ್ವಾತಂತ್ರ್ಯ ಹೋಗುತ್ತದೆ, ಬದಲಿಗೆ ನಿಖರತೆ ಸಿಗುತ್ತದೆ. ಇವೆಂಟ್ ಹ್ಯಾಂಡ್ಲರ್‌ಗಳಂಥ ಜಾಗದಲ್ಲಿ ಇದೇ ಸೂಕ್ತ.

ಎಲ್ಲ ಆರ್ಗ್ಯುಮೆಂಟ್‌ಗಳ ಟೈಪ್ ಅನ್ನೂ ಒಟ್ಟಿಗೆ ಬದಲಿಸುವ ಡೆಕೊರೇಟರ್ ಮತ್ತೂ ಕಷ್ಟ. ಉದಾಹರಣೆಗೆ ಪ್ರತಿ ಆರ್ಗ್ಯುಮೆಂಟ್ ನನ್ (None, ಅಂದರೆ ಏನೂ ಇಲ್ಲ) ಆಗಿರಬಹುದು, ಒಂದಾದರೂ ನನ್ ಆಗಿದ್ದರೆ ಉತ್ತರವೂ ನನ್. ಪಿ ಒಳಗೆ ಕೈ ಹಾಕಿ ಒಂದೊಂದು ಟೈಪ್‌ಗೂ ಏನೋ ಸೇರಿಸುವ ಸೌಲಭ್ಯ ಪೈಥಾನ್ ಟೈಪ್ ವ್ಯವಸ್ಥೆಯಲ್ಲಿ ಇಲ್ಲ. 3.11ರಲ್ಲಿ ಬಂದ ಟೈಪ್‌ವಾರ್‌ಟಪಲ್‌ನಿಂದಲೂ ಇದು ಆಗುವುದಿಲ್ಲ. ಉಳಿದದ್ದು ಓವರ್‌ಲೋಡ್, ಅಂದರೆ ಒಂದೇ ಫಂಕ್ಷನ್‌ಗೆ ಹಲವು ಸಿಗ್ನೇಚರ್ ಬರೆಯುವುದು: ಒಂದು ಆರ್ಗ್ಯುಮೆಂಟ್‌ಗೆ ಒಂದು, ಎರಡಕ್ಕೆ ಒಂದು, ಮೂರಕ್ಕೆ ಒಂದು. ನೋಡೋಕೆ ಚೆಂದ ಇಲ್ಲ, ಕೀವರ್ಡ್ ಹೆಸರುಗಳೂ ಕಳೆದುಹೋಗುತ್ತವೆ. ಆದರೂ ಎನಿಗಿಂತ ಎಷ್ಟೋ ವಾಸಿ. ಮೂರರ ಆಚೆಗೆ ಹೋಗಬೇಡಿ. ನಾಲ್ಕು ಆರ್ಗ್ಯುಮೆಂಟ್ ಇರುವ ಫಂಕ್ಷನ್‌ಗೆ ಇಂಥ ಡೆಕೊರೇಟರ್ ಹಾಕುವ ಬದಲು ಒಳಗೇ ಒಂದು ಇಫ್ ಬರೆಯುವುದು ಒಳ್ಳೇದು.

ಮೆಥಡ್ ಮೇಲೆ ಹಾಕುವಾಗ

ಕನೆಕ್ಷನ್_ಜೊತೆ ಡೆಕೊರೇಟರ್ ಅನ್ನು ಕ್ಲಾಸ್ ಒಳಗಿನ ಮೆಥಡ್ ಮೇಲೆ ಹಾಕಿದರೆ ಎರರ್ ಬರುತ್ತದೆ. ಮೆಥಡ್‌ನ ಮೊದಲ ಆರ್ಗ್ಯುಮೆಂಟ್ ಸೆಲ್ಫ್, ಕನೆಕ್ಷನ್ ಅಲ್ಲ. ಮೆಥಡ್‌ಗೆ ಬೇರೆ ಟೈಪ್ ಬೇಕು:

ಕಾಲಬಲ್[ಕಾನ್‌ಕ್ಯಾಟಿನೇಟ್[ಎಸ್, ಕನೆಕ್ಷನ್, ಪಿ], ಆರ್] -> ಕಾಲಬಲ್[ಕಾನ್‌ಕ್ಯಾಟಿನೇಟ್[ಎಸ್, ಪಿ], ಆರ್]

ಎಸ್ ಅನ್ನೋದು ಸೆಲ್ಫ್‌ಗಾಗಿ ಇರುವ ಟೈಪ್‌ವಾರ್. ಇದಕ್ಕೆ ಬೌಂಡ್ ಕೊಟ್ಟರೆ ಇನ್ನೂ ಚೆನ್ನ. ಡಿಬಿ ಅನ್ನೋ ಆ್ಯಟ್ರಿಬ್ಯೂಟ್ ಇರಲೇಬೇಕು ಅನ್ನೋ ಒಂದು ಪುಟ್ಟ ಪ್ರೋಟೋಕಾಲ್ ಬರೆದು ಅದನ್ನೇ ಎಸ್‌ಗೆ ಬೌಂಡ್ ಮಾಡಿ. ಆಗ ರ‍್ಯಾಪರ್ ಒಳಗೆ ಸೆಲ್ಫ್.ಡಿಬಿ ಅಂತ ನಿಶ್ಚಿಂತೆಯಿಂದ ಬಳಸಬಹುದು, ಡಿಬಿ ಇಲ್ಲದ ಕ್ಲಾಸ್‌ನಲ್ಲಿ ಈ ಡೆಕೊರೇಟರ್ ಹಾಕಿದವರಿಗೆ ಅಲ್ಲೇ ಎರರ್ ಸಿಗುತ್ತದೆ.

ಡೆಕೊರೇಟರ್ ಫಂಕ್ಷನ್ ಬದಲು ಡಂಡರ್ ಕಾಲ್ ಇರುವ ಕ್ಲಾಸ್‌ನ ಆಬ್ಜೆಕ್ಟ್ ವಾಪಸ್ ಕೊಡುತ್ತಿದ್ದರೆ ಮೆಥಡ್ ವಿಷಯದಲ್ಲಿ ಹುಷಾರು. ಸಾದಾ ಫಂಕ್ಷನ್‌ಗೆ ಸೆಲ್ಫ್ ತಾನಾಗಿ ಸೇರುತ್ತದೆ, ಇಂಥ ಆಬ್ಜೆಕ್ಟ್‌ಗೆ ಸೇರುವುದಿಲ್ಲ. ಡಂಡರ್ ಗೆಟ್ ನೀವೇ ಬರೆಯಬೇಕು, ಅದಕ್ಕೂ ಟೈಪ್ ಹಾಕಬೇಕು. ಫಂಕ್ಷನ್‌ನ ಉತ್ತರ ನೆನಪಿಟ್ಟುಕೊಳ್ಳುವ ಎಲ್ಆರ್‌ಯು ಕ್ಯಾಶ್ ಡೆಕೊರೇಟರ್ ಇದಕ್ಕೆ ಕಣ್ಣೆದುರಿನ ಸಾಕ್ಷಿ. ಅದು ಕೊಡುವುದು ಇಂಥ ಒಂದು ಆಬ್ಜೆಕ್ಟ್. ಟೈಪ್‌ಶೆಡ್‌ನಲ್ಲಿ (ಸ್ಟ್ಯಾಂಡರ್ಡ್ ಲೈಬ್ರರಿಯ ಟೈಪ್‌ಗಳನ್ನು ಬರೆದಿಟ್ಟಿರುವ ಸಂಗ್ರಹದಲ್ಲಿ) ಅದರ ಟೈಪ್ ಬಹಳ ಕಾಲದಿಂದ "ಹ್ಯಾಶ್ ಆಗುವ ಏನಾದರೂ ಕೊಡಿ" ಅಂತಷ್ಟೇ ಇದೆ. ರಿಟರ್ನ್ ಟೈಪ್ ಉಳಿಯುತ್ತದೆ, ಆರ್ಗ್ಯುಮೆಂಟ್ ಟೈಪ್ ಹೋಗುತ್ತದೆ. ಕ್ಯಾಶ್ ಹಾಕಿದ ಫಂಕ್ಷನ್‌ಗೆ ತಪ್ಪು ಆರ್ಗ್ಯುಮೆಂಟ್ ಕೊಟ್ಟಾಗ ಚೆಕರ್ ಯಾಕೆ ಸುಮ್ಮನಿದೆ ಅಂತ ತಲೆ ಕೆಡಿಸಿಕೊಂಡಿದ್ದರೆ ಕಾರಣ ಇದು.

ಡೆಕೊರೇಟರ್‌ಗೇ ಆರ್ಗ್ಯುಮೆಂಟ್ ಇದ್ದರೆ, ಅಸಿಂಕ್ ಇದ್ದರೆ

ಮರುಪ್ರಯತ್ನ(ಸಲ=3) ಥರದ್ದು. ಇದರ ರಿಟರ್ನ್ ಟೈಪ್ ಸ್ವತಃ ಒಂದು ಡೆಕೊರೇಟರ್: ಕಾಲಬಲ್[[ಕಾಲಬಲ್[ಪಿ, ಆರ್]], ಕಾಲಬಲ್[ಪಿ, ಆರ್]]. ಬ್ರಾಕೆಟ್ ಎಣಿಸಿ ಸಾಕಾದರೆ ಒಂದು ಕ್ಲಾಸ್ ಬರೆಯಿರಿ. ಇನಿಟ್‌ನಲ್ಲಿ ಸಲ ತಗೊಳ್ಳಲಿ, ಡಂಡರ್ ಕಾಲ್‌ನಲ್ಲಿ ಎಫ್ ತಗೊಂಡು ಸಾದಾ ರ‍್ಯಾಪರ್ ಫಂಕ್ಷನ್ ವಾಪಸ್ ಕೊಡಲಿ. ಪಿ, ಆರ್ ಆ ಕಾಲ್ ಮೆಥಡ್‌ನದೇ ಆಗಿರಲಿ, ಇಡೀ ಕ್ಲಾಸ್‌ನದಲ್ಲ. ಓದುವವರಿಗೆ ಇದೇ ಸುಲಭ.

ಅಸಿಂಕ್ ಫಂಕ್ಷನ್ ಆದರೆ ಒಳಗಿನ ಟೈಪ್ ಕಾಲಬಲ್[ಪಿ, ಅವೇಟಬಲ್[ಆರ್]] ಅಂತ ಬರೆಯಿರಿ. ರ‍್ಯಾಪರ್ ಕೂಡ ಅಸಿಂಕ್ ಡೆಫ್ ಆಗಿರಲಿ. ಬರೀ ಆರ್ ಅಂತ ಬರೆದು ಒಳಗೆ ಅವೇಟ್ ಮಾಡಿದರೆ ಚೆಕರ್ ಒಪ್ಪುವುದಿಲ್ಲ. ಒಂದೇ ಡೆಕೊರೇಟರ್ ಎರಡಕ್ಕೂ ಬೇಕಾದರೆ ಓವರ್‌ಲೋಡ್ ಮಾಡಿ, ಅಸಿಂಕ್‌ನದನ್ನು ಮೊದಲು ಇಡಿ. ಸಾದಾ ಆರ್ ಏನನ್ನು ಬೇಕಾದರೂ ನುಂಗುತ್ತದೆ, ಅವೇಟಬಲ್ ಸಮೇತ.

ಓಡುವಾಗಿನ ಸಿಗ್ನೇಚರ್ ಬೇರೆಯೇ ಕಥೆ

ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ, ಆದರೆ ಆರ್ಗ್ಯುಮೆಂಟ್ ಬದಲಿಸುವ ಡೆಕೊರೇಟರ್‌ಗಳಲ್ಲಿ ಇದು ಮುಖ್ಯ. ನಾವೆಲ್ಲ ರ‍್ಯಾಪರ್ ಮೇಲೆ ಫಂಕ್‌ಟೂಲ್ಸ್‌ನ ರ‍್ಯಾಪ್ಸ್ ಹಾಕುತ್ತೇವೆ, ಹಾಕಲೇಬೇಕು. ಅದು ಹೆಸರು, ಡಾಕ್‌ಸ್ಟ್ರಿಂಗ್ ನಕಲು ಮಾಡುವುದರ ಜೊತೆಗೆ ಡಂಡರ್ ರ‍್ಯಾಪ್ಡ್ ಅನ್ನೋ ಆ್ಯಟ್ರಿಬ್ಯೂಟ್‌ನಲ್ಲಿ ಮೂಲ ಫಂಕ್ಷನ್ ಅನ್ನೂ ಇಡುತ್ತದೆ. ಇನ್‌ಸ್ಪೆಕ್ಟ್ ಮಾಡ್ಯೂಲ್‌ನ ಸಿಗ್ನೇಚರ್ ಫಂಕ್ಷನ್ ಅದನ್ನೇ ಹಿಡಿದು ಮೂಲಕ್ಕೆ ಹೋಗುತ್ತದೆ. ಪರಿಣಾಮ: ಚೆಕರ್‌ಗೆ ಕಾಣುವುದು ಕಾನ್ ಇಲ್ಲದ ಹೊಸ ಸಿಗ್ನೇಚರ್, ಹೆಲ್ಪ್(ಉಳಿಸು) ಅಂತ ಓಡಿಸಿ ನೋಡಿದರೆ ಕಾಣುವುದು ಕಾನ್ ಇರುವ ಹಳೇದು.

ಸುಮ್ನೆ ಡಾಕ್ಯುಮೆಂಟೇಶನ್ ತಪ್ಪಾದರೆ ಸಹಿಸಬಹುದು. ಆದರೆ ಫಾಸ್ಟ್‌ಎಪಿಐ ಥರದ ಫ್ರೇಮ್‌ವರ್ಕ್‌ಗಳು ಇದೇ ಸಿಗ್ನೇಚರ್ ಓದಿಕೊಂಡು ರಿಕ್ವೆಸ್ಟ್‌ನಿಂದ ಏನು ತೆಗೆಯಬೇಕು ಅಂತ ತೀರ್ಮಾನಿಸುತ್ತವೆ. ಟೆಸ್ಟ್ ಓಡಿಸುವ ಪೈಟೆಸ್ಟ್ ಕೂಡ ಆರ್ಗ್ಯುಮೆಂಟ್ ಹೆಸರು ನೋಡಿ ಫಿಕ್ಸ್ಚರ್ (ಟೆಸ್ಟ್‌ಗೆ ಬೇಕಾದ ಸಿದ್ಧತೆ) ಹುಡುಕುತ್ತದೆ. ನಿಮ್ಮ ಡೆಕೊರೇಟರ್ ತುಂಬಬೇಕಾದ ಕಾನ್ ಅನ್ನು ಅವು ತಾವೇ ತುಂಬಲು ಹೊರಡುತ್ತವೆ. ಮೈಪೈ ಮಾತ್ರ ಎಲ್ಲ ಸರಿ ಅನ್ನುತ್ತಿರುತ್ತದೆ.

ಪರಿಹಾರ ಸರಳ. ಇನ್‌ಸ್ಪೆಕ್ಟ್‌ನಿಂದ ಎಫ್‌ನ ಸಿಗ್ನೇಚರ್ ತಗೊಳ್ಳಿ, ಮೊದಲ ಪ್ಯಾರಾಮೀಟರ್ ಬಿಟ್ಟು ರಿಪ್ಲೇಸ್ ಮಾಡಿ, ರ‍್ಯಾಪರ್‌ನ ಡಂಡರ್ ಸಿಗ್ನೇಚರ್‌ಗೆ ಕೊಡಿ. ಅದು ಇದ್ದರೆ ಇನ್‌ಸ್ಪೆಕ್ಟ್ ಅಲ್ಲೇ ನಿಲ್ಲುತ್ತದೆ, ಮೂಲಕ್ಕೆ ಹೋಗುವುದಿಲ್ಲ. ನೇರವಾಗಿ ಆ್ಯಟ್ರಿಬ್ಯೂಟ್‌ಗೆ ಬರೆದರೆ ಚೆಕರ್ ಆಕ್ಷೇಪಿಸಬಹುದು, ಸೆಟ್‌ಆ್ಯಟರ್ ಬಳಸಿದರೆ ಆಯಿತು.

ಸರಿಯಾಗಿದೆಯಾ ಅಂತ ಖಚಿತ ಮಾಡಿಕೊಳ್ಳುವುದು

ರಿವೀಲ್_ಟೈಪ್(ಉಳಿಸು) ಅಂತ ಒಂದು ಸಾಲು ಹಾಕಿ ಚೆಕರ್ ಓಡಿಸಿ. ಅದಕ್ಕೆ ಏನು ಕಾಣುತ್ತಿದೆ ಅಂತ ಅದೇ ಹೇಳುತ್ತದೆ. ಎನಿ ಅಥವಾ ಮೂರು ಚುಕ್ಕಿ ಕಂಡರೆ ಎಲ್ಲೋ ಸೋರುತ್ತಿದೆ. ನೋಡಿದ ಮೇಲೆ ಆ ಸಾಲು ತೆಗೆದುಬಿಡಿ.

ಮೈಪೈನಲ್ಲಿ ಸ್ಟ್ರಿಕ್ಟ್ ಆನ್ ಮಾಡಿದರೆ ಟೈಪ್ ಇಲ್ಲದ ಡೆಕೊರೇಟರ್‌ಗಳನ್ನು ಅದು ತೋರಿಸುತ್ತದೆ. ಆದರೆ ಕಾಲಬಲ್[..., ಎನಿ] ಅಂತ ಬರೆದದ್ದಕ್ಕೂ ಟೈಪ್ ಇದ್ದ ಹಾಗೇ ಲೆಕ್ಕ, ಅದು ಜಾರಿಕೊಳ್ಳುತ್ತದೆ. ಅದನ್ನೂ ಹಿಡಿಯಬೇಕಾದರೆ ಡಿಸ್‌ಅಲೋ ಎನಿ ಡೆಕೊರೇಟೆಡ್ ಅನ್ನೋ ಸೆಟ್ಟಿಂಗ್ ಬೇರೆಯಾಗಿ ಹಾಕಬೇಕು, ಸ್ಟ್ರಿಕ್ಟ್‌ನಲ್ಲಿ ಅದು ಸೇರಿಲ್ಲ.

ಇನ್ನು ಟೆಸ್ಟ್. ಸರಿಯಾದ ಕರೆಗೆ ಎರರ್ ಬರುವುದಿಲ್ಲ ಅಂತ ನೋಡುವುದು ಸಾಲದು. ತಪ್ಪು ಕರೆಗೆ ಎರರ್ ಬಂದೇ ಬರುತ್ತದೆ ಅಂತ ಕಾಯಬೇಕು. ಒಂದು ಟೆಸ್ಟ್ ಫೈಲ್‌ನಲ್ಲಿ ಉಳಿಸು(30) ಅಂತ ಬೇಕೆಂದೇ ತಪ್ಪಾಗಿ ಬರೆಯಿರಿ, ಆ ಸಾಲಿಗೆ ಟೈಪ್ ಇಗ್ನೋರ್ ಕಾಮೆಂಟ್ ಹಾಕಿ, ವಾರ್ನ್ ಅನ್‌ಯೂಸ್ಡ್ ಇಗ್ನೋರ್ಸ್ ಸೆಟ್ಟಿಂಗ್ ಆನ್ ಇಡಿ. ಯಾರೋ ಒಂದು ದಿನ ಡೆಕೊರೇಟರ್‌ನ ಟೈಪ್ ಸಡಿಲ ಮಾಡಿದರೆ ಆ ಸಾಲಿನಲ್ಲಿ ಎರರ್ ಬರುವುದು ನಿಲ್ಲುತ್ತದೆ, ಇಗ್ನೋರ್ ವ್ಯರ್ಥ ಅಂತ ಮೈಪೈ ದೂರುತ್ತದೆ, ಬಿಲ್ಡ್ ಕೆಂಪಾಗುತ್ತದೆ. ಪೈರೈಟ್ ಅನ್ನೋ ಇನ್ನೊಂದು ಚೆಕರ್‌ನಲ್ಲೂ ಅನಗತ್ಯ ಇಗ್ನೋರ್ ತೋರಿಸುವ ಸೆಟ್ಟಿಂಗ್ ಇದೆ. ಈ ಸಾಲುಗಳನ್ನು ಇಡುವ ಟೆಸ್ಟ್ ಫಂಕ್ಷನ್‌ಗೆ -> ನನ್ ಅಂತ ರಿಟರ್ನ್ ಟೈಪ್ ಹಾಕಲು ಮರೆಯಬೇಡಿ. ಯಾವ ಟೈಪೂ ಇಲ್ಲದ ಫಂಕ್ಷನ್‌ನ ಒಳಗನ್ನು ಮೈಪೈ ಮಾಮೂಲಿಯಾಗಿ ನೋಡುವುದೇ ಇಲ್ಲ. ಮತ್ತೆ ಆ ಫಂಕ್ಷನ್ ಅನ್ನು ಓಡಿಸುವ ಅಗತ್ಯವೂ ಇಲ್ಲ, ಪೈಟೆಸ್ಟ್ ಎತ್ತಿಕೊಳ್ಳದ ಹೆಸರು ಕೊಡಿ.

ಹಳೇ ಪ್ರಾಜೆಕ್ಟ್‌ನಲ್ಲಿ ಇದನ್ನೆಲ್ಲ ಶುರು ಮಾಡುವುದಾದರೆ ಅತಿ ಹೆಚ್ಚು ಕಡೆ ಬಳಸಿರುವ ಒಂದು ಡೆಕೊರೇಟರ್ ಆರಿಸಿಕೊಳ್ಳಿ, ಅದೊಂದರ ಟೈಪ್ ಮಾತ್ರ ಸರಿ ಮಾಡಿ. ಆ ಕ್ಷಣವೇ ಎರರ್‌ಗಳ ರಾಶಿ ಬೀಳಬಹುದು. ಹೆದರಿ ಟೈಪ್ ಅನ್ನು ಮತ್ತೆ ಎನಿಗೆ ತಿರುಗಿಸಬೇಡಿ. ಒಂದೊಂದಾಗಿ ನೋಡಿ. ತಕ್ಷಣ ಸರಿ ಮಾಡಲಾಗದ ಕರೆಗಳಿಗೆ ಆ ಸಾಲಿನ ಮಟ್ಟಿಗೆ, ಎರರ್ ಕೋಡ್ ಸಮೇತ, ಇಗ್ನೋರ್ ಹಾಕಿ. ಅವೆಲ್ಲ ಮೊದಲಿನಿಂದಲೂ ಅಲ್ಲೇ ಇದ್ದ ತಪ್ಪುಗಳು, ಈಗ ಯಾವ ಸಾಲಿನಲ್ಲಿವೆ ಅಂತಲಾದರೂ ಗೊತ್ತಾಗಿದೆ.